ಮಹದೇವಪ್ರಸಾದನ ಹೆಬ್ಬೆರಳು

ಹಳೆಯ ವಿಡಿಯೊ ಗೇಮ್ ಆಡಲು ಯಾವ ಕನ್ಸೋಲ್ ಕೊಳ್ಳಬೇಕೆಂದು ಗುಂಡ್ಲುಪೇಟೆಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ಮಹದೇವಪ್ರಸಾದ ಹೇಳುತ್ತಾನೆ. ಚಾಮರಾಜನಗರದ ಬಸ್ಸಿನಲ್ಲಿ ಅವನ ಪಕ್ಕ ಕೂತವರು ಇಳಿಯುವಷ್ಟರಲ್ಲಿ ಪರದೆ, ಬ್ಯಾಟರಿ, ಬಟನ್‌ಗಳಲ್ಲಿ ಪಂಡಿತರಾಗಿರುತ್ತಾರೆ. ತಾನು ಮಾತ್ರ ವರ್ಷಗಳಿಂದ ಆರಿಸುತ್ತಲೇ ಇದ್ದಾನೆ. “ಚಿಕ್ಕೋನಿದ್ದಾಗ್ಲೇ ಅಕ್ಕನ್ ಜೊತೆ ಎಲ್ಲಾ ಲೆವೆಲ್ ದಾಟಿದ್ ಬೆರಳು ಕಣ್ಲಾ ಇದು, ಸಿಕ್ಸಿಕ್ಕಿದ್ದಕ್ಕೆಲ್ಲಾ ಒಗ್ಗಲ್ಲ” ಎಂದು ಗೆಳೆಯರ ಬಾಯಿ ಮುಚ್ಚಿಸುತ್ತಾನೆ. ಮೊನ್ನೆ ಅಕ್ಕ ಚೈತ್ರಳೇ ರೋಸಿಹೋಗಿ ಒಂದು ಕನ್ಸೋಲನ್ನು ತಂದುಕೊಟ್ಟಳು. ಆಟ ಶುರುವಾಗುತ್ತಲೇ ಪರದೆಯ ಮೇಲಿನ ಅವನ ಬೊಂಬೆ ಮೊದಲ ಹಳ್ಳಕ್ಕೇ ಬಿತ್ತು. ಮತ್ತೆ ಅಲ್ಲೇ ಬಿತ್ತು. “ಬಟನ್ನೇ ಸರಿಯಿಲ್ಲ ಕಣಕ್ಕ” ಎಂದ. “ಬಟನ್ ಸರಿಯಾಗೇ ಅದ ಕಣ್ಲಾ. ಆಗ ಆಡ್ತಿದ್ದೋಳು ನಾನು. ನೀನು ಅಳ್ತೀಯ ಅಂತ ಕೈಗೊಂದು ಜಾಯ್‌ಸ್ಟಿಕ್ ಕೊಟ್ಬುಡ್ತಿದ್ದೆ, ಅದರ ವೈರ್ನ ಗೇಮಿಗೇ ಚುಚ್ತಿರ್ನಿಲ್ಲ” ಎಂದಳು ಅಕ್ಕ. ಅವನು ಕನ್ಸೋಲನ್ನು ಅವಳ ಕೈಗಿಟ್ಟು ಪಕ್ಕದಲ್ಲಿ ಕೂತ. ಅವಳು ಬೊಂಬೆಯನ್ನು ಹಳ್ಳ ಹಾರಿಸಿದಳು. ಖಾಲಿ ಹೆಬ್ಬೆರಳಿನಿಂದ ಗಾಳಿಯನ್ನು ಒತ್ತುತ್ತಿದ್ದ ಅವನು, “ನೋಡಕ್ಕ, ದಾಟ್ಬುಟ್ಟೆ!” ಎಂದ.