ನಾಲ್ಕು ಗಂಟೆಯ ದಾರಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ದುಬೈಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಪ್ರತಿ ಶುಕ್ರವಾರ ಚಳ್ಳಕೆರೆಗೆ ಫೋನು ಮಾಡುತ್ತಿದ್ದೆ. ಅಮ್ಮಿ ದೂರದ ಮಾತೆತ್ತಿದಳೆಂದರೆ ಸಾಕು, "ಬೆಂಗಳೂರಿಗೆ ವಿಮಾನದಲ್ಲಿ ನಾಲ್ಕೇ ಗಂಟೆ, ಅಮ್ಮಿ. ನಮ್ಮೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದಷ್ಟೇ ಹೊತ್ತು" ಅನ್ನುತ್ತಿದ್ದೆ. ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರವನ್ನು ಬಾಯಿಗೇ ತರುತ್ತಿರಲಿಲ್ಲ. ಪಾಪ, ಅವಳು ನಂಬಿದಳು.

ಒಂದು ಬೆಳಿಗ್ಗೆ ಅಬ್ಬಾ ಫಜರ್ ನಮಾಜು ಮುಗಿಸಿ ಬಂದು ಕೂತವರು ಹಾಗೇ ಹೋಗಿಬಿಟ್ಟರು. ನಮ್ಮಲ್ಲಿ ಮಣ್ಣು ಮಾಡಲು ತಡಮಾಡುವಂತಿಲ್ಲ, ಅಂದೇ ಮುಗಿಸುವುದು ವಾಡಿಕೆ. ಮಗ ಯಾವಾಗ ಬರುತ್ತಾನೆಂದು ಮಸೀದಿಯ ಹಿರಿಯರು ಕೇಳಿದರೆ, ಅಮ್ಮಿ ನಾಲ್ಕು ಗಂಟೆ ಅಂದಳಂತೆ. ಹಿರಿಯರು ಅದಕ್ಕೆ ಬಸ್ಸಿನ ನಾಲ್ಕು ಗಂಟೆ ಕೂಡಿಸಿ, ಸಂಜೆ ಅಸರ್ ನಮಾಜಿನ ನಂತರ ಎಂದು ಗೊತ್ತುಮಾಡಿದರು.

ಆ ಹೊತ್ತಿನಲ್ಲಿ ನಾನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಿದ್ದೆ. ಫೋನಿನಲ್ಲಿ ಸುದ್ದಿ ಮುಟ್ಟುತ್ತಲೇ ಲೈನು ಕಡಿದುಹೋಗಿತ್ತು, ಮತ್ತೆ ಸಿಕ್ಕಿರಲಿಲ್ಲ. ನನ್ನ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿತ್ತು, ಬೀಗದ ಕೈ ಅವನ ಜೇಬಿನಲ್ಲಿ, ಅವನು ಬೇರೆ ಊರಿನಲ್ಲಿ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕು ಗಂಟೆಯಂತೆ, ನಾಲ್ಕು ಗಂಟೆ!

ಕಾಪಾಡಿದವರು ಅಬ್ಬಾನ ಗೆಳೆಯರು, ಮೊಳಕಾಲ್ಮೂರಿನ ಒಬ್ಬ ಲಾರಿ ಡ್ರೈವರು. ಸುದ್ದಿ ತಿಳಿದು ಓಡಿ ಬಂದವರು ಹಿರಿಯರ ಲೆಕ್ಕ ಕೇಳಿ ಅಲ್ಲೇ ನಿಂತುಬಿಟ್ಟರಂತೆ.

"ಸಾಹೇಬ್ರೇ, ಅದು ಬರೀ ಗಾಡಿ ಓಡೋ ಟೈಮು. ಬಾಂಬೆಗೆ ಲೋಡು ಹೊಡೆಯುವಾಗ ನಾವು ಓಡೋದೆಷ್ಟು, ಚೆಕ್‌ಪೋಸ್ಟ್‌ನಾಗೆ ನಿಲ್ಲೋದೆಷ್ಟು? ಏರ್‌ಪೋರ್ಟ್‌ನಾಗೂ ಕಾಗದ ನೋಡೋರು ಇರ್ತಾರೆ. ಸೀಟು ಬ್ಯಾರೆ ಸಿಗಬೇಕು. ಅವನು ಇವತ್ತು ಬರಾಕಾಗಲ್ಲ, ನಾಳೆ ಮಧ್ಯಾಹ್ನ ಅಂತ ಇಟ್ಕಳ್ಳಿ. ಅಪ್ಪನ ಮುಖ ನೋಡದಂಗೆ ಮಾಡಬ್ಯಾಡ್ರಿ."

ಹಿರಿಯರಲ್ಲಿ ಇಬ್ಬರು ಗೊಣಗಿದರು. ಡ್ರೈವರು ಯಾರ ಒಪ್ಪಿಗೆಗೂ ಕಾಯದೆ ಐಸ್ ಫ್ಯಾಕ್ಟರಿಗೆ ಹೋಗಿ ಗಡ್ಡೆಗಳನ್ನು ತಂದು ಇಳಿಸಿದರು. ಕೊನೆಗೆ ಇಮಾಮರು, ನಾಳೆ ಮಧ್ಯಾಹ್ನದ ಜೊಹರ್ ನಮಾಜಿನವರೆಗೆ ಕಾಯೋಣ, ಅದರಾಚೆ ಆಗದು ಅಂದರು.

ರಾತ್ರಿ ಮಾಲೀಕ ಬಂದು ಬೀರು ತೆಗೆದ ಮೇಲೆಯೇ ನನ್ನ ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದು. ಮರುದಿನ ಬೆಂಗಳೂರಿನಲ್ಲಿ ಇಳಿದಾಗ ಕೈಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕಾಯಿತು. ಆ ಒಂದೂವರೆ ಗಂಟೆಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ಬಾಡಿಗೆ ಕಾರು ಹಿಡಿದೆ. ಹಿರಿಯೂರು ದಾಟುವಾಗಲೇ ಜೊಹರ್ ಹೊತ್ತು ಮೀರಿತ್ತು. ಎಲ್ಲ ಮುಗಿದಿರುತ್ತದೆಂದುಕೊಂಡು, ಇನ್ನು ಗೋರಿಯನ್ನಾದರೂ ನೋಡೋಣವೆಂದು ಮನಸ್ಸು ಗಟ್ಟಿಮಾಡಿಕೊಂಡೆ.

ನಮ್ಮ ಬೀದಿಯ ತುಂಬ ಜನ ನಿಂತಿದ್ದರು. ಗಡುವು ಹಾಕಿದ ಇಮಾಮರೇ ಬಿಸಿಲಲ್ಲಿ ಬೀದಿಯ ಬಾಯಿಗೆ ಬಂದು ರಸ್ತೆ ನೋಡುತ್ತಿದ್ದರು. ಗೊಣಗಿದ್ದ ಹಿರಿಯರೂ ಊಟ ಮಾಡಿರಲಿಲ್ಲ. ಅಮ್ಮಿ ಅಬ್ಬಾನ ಮುಖದ ಮೇಲಿನ ಬಟ್ಟೆ ಸರಿಸಿದಳು. ಕಣ್ತುಂಬ ನೋಡಿದೆ.

ಜನಾಜಾ ಎತ್ತಿದಾಗ ಮುಂದಿನ ಬಲಗಡೆ ಹೆಗಲು ಕೊಟ್ಟಿದ್ದವರು ಆ ಡ್ರೈವರು. ನನ್ನನ್ನು ನೋಡಿ ನಿಧಾನವಾಗಿ ಪಕ್ಕಕ್ಕೆ ಸರಿದರು. "ಬಾರಪ್ಪ, ಇದು ನಿನ್ನ ಜಾಗ" ಅಂದರು.