ಬಟನ್ ಅಜ್ಜಿ ಮತ್ತು ತೊಳೆದುಹೋದ ದಾರಿ

ಬಟನ್ ಅಜ್ಜಿಗೆ ಆ ಹೆಸರು ಯಾರು ಇಟ್ಟರೋ, ಇಟ್ಟವರೇ ಮರೆತಿದ್ದಾರೆ. ದರ್ಜಿಗಳು ಹೊಲಿದು ಕಳಿಸಿದ ಅಂಗಿಗಳಿಗೆ ಕಾಜ ಹಾಕಿ, ಬಟನ್ ಹಚ್ಚಿ, ನೂಲು ಕಚ್ಚಿ ತುಂಡರಿಸಿ ಮಡಿಸಿಡುವುದು ಅವಳ ಕಸುಬು. ಮದುವೆಯಾಗಿ ಬಂದ ವರ್ಷ ಹಿಡಿದ ಸೂಜಿ, ಇವತ್ತಿಗೂ ಕೆಳಗಿಟ್ಟವಳಲ್ಲ. ಕಣ್ಣು ಹೋದ ಮೇಲೆ ಕಾಜ ಬಿಟ್ಟಳು, ಬಟನ್ ಬಿಡಲಿಲ್ಲ. ಅದಕ್ಕೆ ಬೆರಳು ಸಾಕು.

ಕಣ್ಣೂ ಒಮ್ಮೆಗೇ ಹೋದದ್ದಲ್ಲ. ಹೊರಟೆ ಹೊರಟೆ ಎನ್ನುತ್ತಲೇ ಬಾಗಿಲಲ್ಲಿ ನಿಂತು ಮಾತಾಡುವ ನೆಂಟರ ಹಾಗೆ ಬಹಳ ವರ್ಷ ನಿಂತುಕೊಂಡೇ ಇದ್ದು ಕೊನೆಗೆ ಹೋಯಿತು. ಅಷ್ಟರಲ್ಲಿ ಅದರ ಕೆಲಸವನ್ನೆಲ್ಲ ಮೂಗು ಯಾರೂ ಹೇಳದೆಯೇ ವಹಿಸಿಕೊಂಡಿತ್ತು.

ಆಗ ಅಜ್ಜಿ, ಮಗ, ಸೊಸೆ ಮೂವರೂ ಇದ್ದದ್ದು ಬೇಕರಿಯ ಮೇಲಿನ ಬಾಡಿಗೆ ಮನೆಯಲ್ಲಿ. ಕೆಳಗೆ ಒಲೆಯಿಂದ ಮೊದಲ ಬ್ರೆಡ್ಡು ಹೊರಬಂತೆಂದರೆ ಅಜ್ಜಿಗೆ ಬೆಳಗಾಯಿತು. ಬಿಸ್ಕತ್ತಿನ ಬೆಣ್ಣೆ ಘಮ ಮೆಟ್ಟಿಲು ಹತ್ತಿ ಬಂತೆಂದರೆ ಮಧ್ಯಾಹ್ನ ಇಳಿಯಿತು. ಮಗ ಹೊಲಿಗೆ ಮೆಷಿನ್ ರಿಪೇರಿಯವನು. ಮೆಷಿನ್ ಎಣ್ಣೆಯ ವಾಸನೆ ಬಾಗಿಲಲ್ಲಿ ಕಂಡರೆ ಮಗ ಬಂದ. ಸೊಸೆ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ಸೋಪಿನ ಹಬೆಯ ವಾಸನೆ ಬಂದರೆ ಸೊಸೆ. ಅಜ್ಜಿಯ ಮಂಚದ ತಲೆಯ ಕಡೆ ಮೊಳೆಗೆ ನೇತುಹಾಕಿದ್ದ ದಪ್ಪ ಬಟ್ಟೆಯ ಚೀಲದಿಂದ ಮರದ ಹೊಟ್ಟು, ಮೇಣ, ಪಾಲಿಶ್ ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಅದು ಅಜ್ಜನದು. ಅಜ್ಜ ಬಡಗಿ. ಅವನು ಹೋಗಿ ಎಷ್ಟೋ ಕಾಲವಾದರೂ ಅವನ ಉಪಕರಣಗಳು ಆ ಚೀಲದಲ್ಲೇ ಇದ್ದವು, ಅವನ ವಾಸನೆಯೂ ಅಲ್ಲೇ ಇತ್ತು. ಅಜ್ಜಿ ಮಲಗುವ ಮುನ್ನ ಒಮ್ಮೆ ಅತ್ತ ಮುಖ ತಿರುಗಿಸುವಳು. ಅಷ್ಟಾದರೆ ನಿದ್ದೆ.

ಮಗ ಸ್ವಂತ ಮನೆ ಕೊಂಡಾಗ ಅಜ್ಜಿ ಒಂದೇ ಒಂದು ಮಾತು ಕೇಳಿಕೊಂಡಳು. "ಬರ್ತೀನಿ ಕಣೋ. ಆದ್ರೆ ಯಾರೂ ನನ್ನ ಕೈ ಹಿಡ್ಕೊಂಡು ಓಡಾಡಿಸ್ಬಾರ್ದು. ನನ್ನ ಕಾಲ ಮೇಲೆ ನಾನು ಓಡಾಡ್ಬೇಕು."

"ಆಯ್ತಮ್ಮ, ಮಹಾರಾಣಿ ಹಾಗೆ ಓಡಾಡು," ಎಂದ ಮಗ.

ಸಾಮಾನು ಬಂದಿಳಿಯುವ ಮೊದಲೇ ಮೂವರೂ ಹೊಸ ಮನೆಯ ಬಾಗಿಲು ತೆರೆದರು. ತೆರೆದದ್ದೇ ತಡ, ಸೊಸೆ ಮೂಗು ಮುಚ್ಚಿಕೊಂಡಳು.

"ರೀ, ನೋಡೋಕೆ ಬಂದಾಗ ಹೀಗಿರ್ಲಿಲ್ವಲ್ಲ?"

"ಆವತ್ತು ಕಿಟಕಿ ಎಲ್ಲಾ ತೆಗೆದಿಟ್ಟು, ಸೆಂಟ್ ಹೊಡೆದಿದ್ರು ಅನ್ಸತ್ತೆ. ನಾನು ನಲ್ಲಿ ನೋಡ್ದೆ, ಸ್ವಿಚ್ ನೋಡ್ದೆ, ಬಾಗಿಲು ಭದ್ರ ಇದೆಯಾ ನೋಡ್ದೆ. ವಾಸನೆ ನೋಡ್ಬೇಕು ಅಂತ ಹೊಳೀಲಿಲ್ಲ."

"ಮತ್ತೆ ಮೂಗಿರೋದು ಕನ್ನಡಕ ಕೂರಿಸೋಕಾ?"

ಅಜ್ಜಿ ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡಳು. "ಇಲ್ಲಿದ್ದೋನು ಸಿಗರೇಟು ಸೇದ್ತಿದ್ದ. ನಾಯಿ ಸಾಕಿದ್ದ. ಹೆಂಡತಿ ಇರ್ಲಿಲ್ಲ."

"ಹೆಂಡತಿ ಇರ್ಲಿಲ್ಲ ಅಂತ ವಾಸನೇಲಿ ಹೇಗೆ ಗೊತ್ತಾಗತ್ತೆ ಅತ್ತೆ?"

"ಇದ್ದಿದ್ರೆ ನಾಯೀನ ಮಲಗೋ ರೂಮಿಗೆ ಬಿಡ್ತಿದ್ಲಾ?"

ಮೊದಲ ಕೆಲವು ದಿನ ಅಜ್ಜಿಗೆ ಬಹಳ ಕಷ್ಟವಾಯಿತು. "ಅತ್ತೆ, ಹೊಸ್ತಿಲು", "ಅತ್ತೆ, ಗೋಡೆ" ಎನ್ನುತ್ತಾ ಸೊಸೆ ಕೈ ಹಿಡಿದು ನಡೆಸಿದಳು. ವಿಳಾಸ ಗೊತ್ತಿಲ್ಲದ ಪಾರ್ಸಲ್ಲಿನ ಹಾಗೆ ಅಜ್ಜಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸಾಗಿದಳು. ಮುಟ್ಟಿ ತಿಳಿಯೋಣವೆಂದರೆ ಆ ಮನೆಯ ಬಾಗಿಲುಗಳೆಲ್ಲ ಒಂದೇ ಅಚ್ಚಿನವು. ಯಾವ ಬಾಗಿಲು ಎಲ್ಲಿಯದೆಂದು ಬೆರಳಿಗೆ ಹೇಳುವವರು ಯಾರು?

ಹೇಳಿದ್ದು ಮೂಗು. ಮುಂದಿನ ಹಜಾರದಲ್ಲಿ ಹಳೆಯ ಸಿಗರೇಟಿನ ಘಾಟು. ಎಡಕ್ಕೆ ನಾಯಿಯ ವಾಸನೆ ಬಂದರೆ ಅದು ಮಗ ಸೊಸೆಯ ಕೋಣೆ. ನೇರ ನಡೆದು, ಸುಟ್ಟೆಣ್ಣೆಯ ಕಮಟು ಸಿಕ್ಕರೆ ಅಡುಗೆಮನೆ. ಅದರ ಪಕ್ಕ ಮೋರಿಯ ನಾತ, ಅಂದರೆ ಬಚ್ಚಲು. ಬಲಕ್ಕೆ ತಿರುಗಿ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತೆಂದರೆ ತನ್ನ ಕೋಣೆ. ಒಳಗೆ ಹೆಜ್ಜೆಯಿಟ್ಟರೆ ಮಂಚದ ಪಕ್ಕ ಅಜ್ಜನ ಚೀಲ. ವಾರ ಕಳೆಯುವುದರಲ್ಲಿ ಅಜ್ಜಿ ಸೊಸೆಯ ಕೈ ಕೊಡವಿಕೊಂಡು ಆ ಗಬ್ಬುನಾತಗಳ ನಡುವೆ ನಿಜಕ್ಕೂ ಮಹಾರಾಣಿಯ ಹಾಗೆ ಓಡಾಡತೊಡಗಿದಳು.

"ನೋಡ್ರೀ, ಅತ್ತೆ ಎಷ್ಟು ಬೇಗ ಹೊಂದ್ಕೊಂಡ್ರು," ಎಂದು ಸೊಸೆಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಅವಳು ಸೊಂಟ ಕಟ್ಟಿ ನಿಂತಳು. ಊರವರ ಬಟ್ಟೆಯ ಬೆವರು, ಎಣ್ಣೆ, ಹೊಗೆಯನ್ನೆಲ್ಲ ತೆಗೆದು ಕಳಿಸುವವಳು ತನ್ನ ಮನೆಯ ನಾತಕ್ಕೆ ಸೋಲುವುದುಂಟೆ?

ರಜೆ ಸಿಕ್ಕಿದಾಗಲೆಲ್ಲ ಯುದ್ಧ. ಹಜಾರದ ಗೋಡೆಗಳನ್ನು ಸೋಪಿನ ಬಿಸಿನೀರಲ್ಲಿ ಒರೆಸಿ, ಮೇಲೆ ವಿನೆಗರ್ ನೀರಲ್ಲಿ ಒರೆಸಿದಳು. ಬಟ್ಟೆ ಹಿಂಡಿದರೆ ಚಹಾದ ಬಣ್ಣದ ನೀರು. "ಅಯ್ಯೋ ಪುಣ್ಯಾತ್ಮ, ಗೋಡೆಗೂ ಸೇದಿಸಿದ್ದಾನೆ," ಎಂದು ಬೈದುಕೊಂಡಳು. ಕೋಣೆಯ ಹಳೆಯ ನೆಲಹಾಸನ್ನು ಕಿತ್ತೆಸೆದು, ನಾಯಿ ಮಲಗಿದ್ದ ಜಾಗಕ್ಕೆ ಅಡುಗೆಸೋಡ ಸುರಿದು, ಒಂದು ರಾತ್ರಿ ಬಿಟ್ಟು ಗುಡಿಸಿದಳು. ಕಪಾಟುಗಳಲ್ಲಿ ಬಟ್ಟಲು ಬಟ್ಟಲು ಇದ್ದಿಲು ಇಟ್ಟಳು. ಮಗ ಗೋಡೆಯೊಳಗೆ ಸೋರುತ್ತಿದ್ದ ಪೈಪನ್ನು ಸರಿಮಾಡಿಸಿ, ಮೋರಿಗೆ ಹೊಸ ಜಾಲರಿ ಹಾಕಿಸಿ, ಎಲ್ಲಕ್ಕೂ ಬಣ್ಣ ಬಳಿಸಿದ. ಕಿಟಕಿಗಳು ಹಗಲೆಲ್ಲ ತೆರೆದೇ ಇದ್ದವು.

ಒಂದೊಂದು ನಾತ ಹೋದಾಗಲೂ ಸೊಸೆ ಅಜ್ಜಿಯನ್ನು ಕರೆದು ನಿಲ್ಲಿಸುವಳು. "ಅತ್ತೆ, ನಿಮ್ಮ ಮೂಗೇ ಹೇಳ್ಬೇಕು. ಏನಾದ್ರೂ ಬರ್ತಿದ್ಯಾ?"

"ಇಲ್ಲ ಕಣೇ. ಏನೂ ಇಲ್ಲ," ಎನ್ನುವಳು ಅಜ್ಜಿ. ಅದು ನಿಜವೇ. ಆ ಹುಡುಗಿ ಮೊಣಕಾಲೂರಿ ನೆಲ ಉಜ್ಜುವ ಸದ್ದು ಕೇಳಿದವಳು, ಅಯ್ಯೋ ನನ್ನ ನಾಯಿನಾತ ಕೊಡು ಎಂದು ಯಾವ ಬಾಯಲ್ಲಿ ಕೇಳಿಯಾಳು? ಅಜ್ಜಿಯ ಓಡಾಟ ಮಾತ್ರ ಕಡಿಮೆಯಾಯಿತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಅವರಿಬ್ಬರೂ ಬರುವವರೆಗೆ ಅಲ್ಲೇ ಕೂತು ಬಟನ್ ಹಚ್ಚುವಳು.

ಕೊನೆಗೆ ಒಂದು ರಾತ್ರಿ ಮಲಗುವ ಮುನ್ನ ಎಂದಿನ ಹಾಗೆ ಮಂಚದ ತಲೆಯತ್ತ ಮುಖ ತಿರುಗಿಸಿದಳು. ಲಾಂಡ್ರಿ ಸೋಪು. ಕೈಚಾಚಿ ಮುಟ್ಟಿದಳು. ಅಜ್ಜನ ಚೀಲ ಹೊಸ ಕಾಲರಿನ ಹಾಗೆ ಗರಿಗರಿಯಾಗಿತ್ತು.

"ಅದು ತುಂಬಾ ಕೊಳೆಯಾಗಿತ್ತು ಅತ್ತೆ, ಉಪಕರಣ ಎಲ್ಲಾ ತೆಗೆದಿಟ್ಟು ಎರಡು ಸಲ ಒಗೆದೆ," ಎಂದು ಸೊಸೆ ಹೊರಗಿನಿಂದಲೇ ಕೂಗಿ ಹೇಳಿದಳು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಆದದ್ದು ಇಷ್ಟು. ಮನೆಯಲ್ಲಿ ಯಾರೂ ಇಲ್ಲದಾಗ ಅಜ್ಜಿ ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟಳು. ಬಚ್ಚಲೆಂದುಕೊಂಡು ಒಂದು ಬಾಗಿಲು ತೆರೆದಳು, ಅದು ಹಿತ್ತಿಲ ಬಾಗಿಲು. ಮುಂದೆ ಮುಂದೆ ಹೋದವಳು ಪಕ್ಕದ ಮನೆಯವಳು ಒಣಹಾಕಿದ್ದ ಬೆಡ್‌ಶೀಟಿಗೆ ಮುಖ ಕೊಟ್ಟು ನಿಂತಳು.

"ಏನಜ್ಜಿ, ಟವೆಲ್ ಸಮೇತ ಬಂದ್ಬಿಟ್ರಿ?" ಎಂದಳು ಪಕ್ಕದವಳು.

ಅಜ್ಜಿ ಸೋತರೂ ಮಾತು ಸೋಲಲಿಲ್ಲ. "ನಿಮ್ಮನೇಲಿ ಬಿಸಿನೀರು ಚೆನ್ನಾಗಿ ಕಾಯತ್ತೆ ಅಂದ್ರು."

ಪಕ್ಕದವಳು ನಗುತ್ತಾ ಕೈ ಹಿಡಿದು ಕರೆತಂದು ಬಿಟ್ಟಳು. ಸಂಜೆ ಸುದ್ದಿ ಮುಟ್ಟಿಸಿದಳು. ಮಗ ಊಟಕ್ಕೆ ಕೂತಾಗ ಅದೇ ಮಾತು ತೆಗೆದ.

"ಅಮ್ಮ, ಇನ್ನು ಆಗಲ್ಲ. ಹಗಲು ಹೊತ್ತು ನಿನ್ನ ಕೈ ಹಿಡ್ಕೊಂಡಿರೋಕೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ."

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ಹಾಗಾದ್ರೆ ನನ್ನನ್ನ ಬೇಕರಿ ಮೇಲೇ ಬಿಟ್ಟು ಬಾ."

"ಅಲ್ಲೀಗ ಬೇರೆಯವರಿದ್ದಾರಮ್ಮ."

"ಇರ್ಲಿ ಬಿಡು. ಒಂದು ಮೂಲೇಲಿ ಕೂತಿರ್ತೀನಿ. ಅಲ್ಲಿ ಎದ್ದು ಓಡಾಡೋಕೆ ದಾರಿಯಾದ್ರೂ ಇದೆ. ಇಲ್ಲಿದ್ದ ದಾರೀನ ನೀವಿಬ್ಬರೂ ತೊಳೆದ್ಬಿಟ್ರಿ."

ಮಗ ಕಕ್ಕಾಬಿಕ್ಕಿಯಾದ. ಆಗ ಅಜ್ಜಿ ಎಲ್ಲವನ್ನೂ ಹೇಳಿದಳು. ಸಿಗರೇಟಿನ ಹಜಾರ, ನಾಯಿಯ ಕೋಣೆ, ಕಮಟಿನ ಅಡುಗೆಮನೆ, ಒಂದೊಂದನ್ನೂ ಸತ್ತುಹೋದ ಗೆಳತಿಯರ ಸುದ್ದಿ ಹೇಳಿದ ಹಾಗೆ ಹೇಳಿದಳು. ಚೀಲದ ಮಾತು ಮಾತ್ರ ಆಡಲಿಲ್ಲ. ಆದರೆ ಸೊಸೆಗೆ ಅದು ತಾನಾಗಿಯೇ ಹೊಳೆಯಿತು. "ಮಾವನ ಚೀಲಾನೂ ಒಗೆದುಬಿಟ್ಟೆ," ಎಂದಳು, ತನಗೇ ಹೇಳಿಕೊಂಡಂತೆ.

ಮುಂದಿನ ರಜೆಯ ದಿನ ಸೊಸೆ ಬಕೆಟ್ಟು ಮುಟ್ಟಲಿಲ್ಲ. ಲಾಂಡ್ರಿಯಿಂದ ತಂದ ಸೋಪಿನ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಬಚ್ಚಲ ಚಿಲಕಕ್ಕೆ ತೂಗುಹಾಕಿದಳು. ಗಂಡನ ಎಣ್ಣೆ ಒರೆಸುವ ಚಿಂದಿಯನ್ನು ತಮ್ಮ ಕೋಣೆಯ ಬಾಗಿಲಿಗೆ ಕಟ್ಟಿದಳು. ಅಡುಗೆಮನೆ ತನ್ನ ಪಾಡಿಗೆ ತಾನು ಮತ್ತೆ ವಾಸನೆ ಹಿಡಿಯಲು ಶುರುಮಾಡಿತ್ತು. ಆಮೇಲೆ ಅಜ್ಜಿಯ ಕೋಣೆಯ ಬಾಗಿಲ ಮುಂದೆ ನಿಂತಳು.

"ರೀ, ಈ ಬಾಗಿಲು ತೇವಕ್ಕೆ ಉಬ್ಬಿ ಇನ್ನೂ ಕಚ್ಕೊಳ್ತಿದೆ. ಮಾವನ ಕೀಸುಳಿ ಇದ್ಯಲ್ಲ?"

ಮಗ ಬಾಗಿಲು ಕಳಚಿ ಅಡ್ಡ ಮಲಗಿಸಿ, ಅಪ್ಪನ ಕೀಸುಳಿ ಹಿಡಿದು ಅಂಚು ಹೆರೆಯತೊಡಗಿದ. ಅಭ್ಯಾಸವಿಲ್ಲದ ಕೈ. ಕೀಸುಳಿ ಒಮ್ಮೆ ಕಚ್ಚಿತು, ಒಮ್ಮೆ ಜಾರಿತು.

"ಇನ್ನೂ ಸ್ವಲ್ಪ ಓರೆ ಹಿಡಿ ಕಣೋ," ಅಂದಳು ಅಜ್ಜಿ ಕುರ್ಚಿಯಿಂದ. "ನಿಮ್ಮಪ್ಪ ಹೀಗೆ ಕಿರುಚಿಸ್ತಿರ್ಲಿಲ್ಲ."

ಮಗ ಓರೆ ಹಿಡಿದ. ಕೀಸುಳಿ ಸರ್ರನೆ ಹಾಡಿತು. ಹಳೆಯ ಬಣ್ಣದ ಕೆಳಗಿನಿಂದ ಮರ ಹೊರಬಂತು, ಅದರ ವಾಸನೆಯೂ ಹೊರಬಂತು. ಅಜ್ಜಿಯ ಕೈಯಲ್ಲಿದ್ದ ಸೂಜಿ ನಿಂತಿತು. ಸಂಜೆ ಮೆಟ್ಟಿಲು ಹತ್ತಿ ಬಂದು, ತಲೆಗೂದಲಿಗೆ ಅಂಟಿದ ಮರದ ಹೊಟ್ಟು ಕೊಡವಿ, "ಬ್ರೆಡ್ ತಂದಿದ್ದೀನಿ, ಬಿಸಿ ಇದೆ" ಎನ್ನುತ್ತಿದ್ದ ಅಜ್ಜ ಈಗಲೂ ಎಲ್ಲೋ ಮೆಟ್ಟಿಲಲ್ಲೇ ಇದ್ದಾನೆ ಎನ್ನುವ ಹಾಗೆ ಅವಳು ಮುಖ ಎತ್ತಿ ಕೂತಿದ್ದಳು.

ಸೊಸೆ ಸುರುಳಿ ಸುರುಳಿ ಹೊಟ್ಟನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದಳು, ಮೇಲೆ ಮೇಣದ ತುಂಡು ಹಾಕಿದಳು, ಉಪಕರಣಗಳನ್ನು ಒಂದೊಂದಾಗಿ ಒಳಗಿಟ್ಟಳು. "ಅತ್ತೆ, ಮಾವನ ವಾಸನೆ ಪೂರ್ತಿ ಬರಲ್ಲ. ನನಗೆ ಗೊತ್ತು."

ಅಜ್ಜಿ ಚೀಲಕ್ಕೆ ಮೂಗಿಟ್ಟು ಉಸಿರೆಳೆದುಕೊಂಡಳು. "ಬರಲ್ಲ. ಕೆಲಸಕ್ಕೆ ಹೋಗೋಕೆ ಮುಂಚಿನ ವಾಸನೆ ಇದು. ಬೆವರು ಸೇರಿಲ್ಲ. ಇರ್ಲಿ, ಇದೂ ಅವನದೇ."

ಉಳಿದದ್ದು ಹಜಾರ. ಅಲ್ಲಿಗೆ ಏನು ಇಡುವುದೆಂದು ಮಗ ಸೊಸೆ ಚರ್ಚೆ ಮಾಡುತ್ತಿದ್ದಾಗ ಅಜ್ಜಿ ಎದ್ದು, ಗೋಡೆ ಹಿಡಿಯದೆ ನಡೆದು, ಮುಂಬಾಗಿಲ ಪಕ್ಕದ ಮರದ ಮೀಟರ್ ಪೆಟ್ಟಿಗೆಯ ಹತ್ತಿರ ನಿಂತಳು. ಅದರ ಮುಚ್ಚಳ ತೆರೆದು ಮೂಸಿದಳು.

"ಇದನ್ನ ತೊಳೆದಿಲ್ಲ ಅಲ್ವೇನೇ?"

ಸೊಸೆ ನಾಚಿಕೊಂಡಳು. "ಕರೆಂಟ್ ಹೊಡಿಯತ್ತೆ ಅಂತ ಹೆದರಿ ಬಿಟ್ಟೆ ಅತ್ತೆ. ಸಿಗರೇಟು ನಾತ ಇನ್ನೂ ಇದ್ಯಾ? ನಾಳೆ ಒಣಬಟ್ಟೇಲಿ ಒರೆಸ್ತೀನಿ."

"ಒರೆಸಿದ್ರೆ ನೋಡು ಮತ್ತೆ," ಎಂದಳು ಅಜ್ಜಿ ಮುಚ್ಚಳ ಮುಚ್ಚುತ್ತಾ. "ಪಾಪ, ಹೆಂಡತಿ ಇಲ್ಲದ ಮನುಷ್ಯ. ಬಾಗಿಲ ಹತ್ರ ಒಂದು ಕಡೆ ಇದ್ದುಕೊಳ್ಳಲಿ." ಆಮೇಲೆ ತಿರುಗಿ, ಬಚ್ಚಲ ಸೋಪಿನ ಎದುರು ಒಂದು ಕ್ಷಣ ನಿಂತು, ಬಲಕ್ಕೆ ಹೊರಳಿ, ಹೊಟ್ಟಿನ ವಾಸನೆಯ ಕಡೆಗೆ ಒಬ್ಬಳೇ ನಡೆದಳು.