ಮೂರು ಕಲ್ಲಿನ ಮಡಿ

ಹೊಸ್ತಿಲ ಹುಣ್ಣಿಮೆಯ ಬೆಳಿಗ್ಗೆ ನಾನು ಗಜೇಂದ್ರಗಡದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ನಲ್ಲಿಗೂ ಹಿಂದಿನ ಕೋಣೆಯ ಬಾಗಿಲಿಗೂ ನಡುವೆ ಹಲ್ಲುಜ್ಜುತ್ತ ನಿಂತಿದ್ದೆ. ಬಾಗಿಲು ಪೂರ್ತಿ ತೆರೆದಿತ್ತು. ಆದ್ದರಿಂದ ನಾನು ಇಣುಕಿದೆ ಎಂದು ಯಾರೂ ಹೇಳುವಂತಿಲ್ಲ.

ಆ ಕೋಣೆಯಲ್ಲಿ ಬಸ್ ನಿಲ್ದಾಣದ ಎದುರು ಮೋಮೊ ಮಾರುವ ಗಂಡ ಹೆಂಡತಿ ಬಾಡಿಗೆಗಿದ್ದರು. ಪೂರ್ವ ನೇಪಾಳದ ಬೆಟ್ಟಗಳ ಕಿರಾತಿಗಳು. ರಾಯಿ ಎಂಬ ಪಂಗಡದವರು. ಅಂದು ಅವರಿಗೂ ಹಬ್ಬ, ಹೊಸ ಧಾನ್ಯವನ್ನು ಹಿರಿಯರಿಗೆ ಒಪ್ಪಿಸುವ ಉಧೌಲಿ. ಅವರ ಹಿರಿಯರು ಗುಡಿಯಲ್ಲಿರುವುದಿಲ್ಲ, ಒಲೆಯ ಮೂರು ಕಲ್ಲುಗಳಲ್ಲಿರುತ್ತಾರೆ. ಫರಸಿ ಕಲ್ಲಿನ ನೆಲದ ಮೇಲೆ ಉಸುಕು ಸುರಿದು ಮೂರು ಕಲ್ಲು ನಿಲ್ಲಿಸಿದ್ದರು. ಮುಂದೆ ಪಕ್ಕದ ರಾಜೂರಿನ ಹೊಸ ಸಜ್ಜೆ, ಹಸಿಶುಂಠಿ, ಒಂದು ಸೀಸೆ. ಸೀಸೆ ಇತ್ತೆಂಬುದಕ್ಕೆ ಮಾತ್ರ ನಾನು ಸಾಕ್ಷಿ, ಒಳಗೇನಿತ್ತೋ ತಿಳಿಯದು. ಗಂಡ ತನ್ನ ಕುಲದ ಭಾಷೆಯಲ್ಲಿ ಹಿರಿಯರನ್ನು ಕರೆಯುತ್ತಿದ್ದ. ಹೆಂಡತಿಯದು ಬೇರೆ ಕಣಿವೆಯ ಭಾಷೆ. ಆದರೂ ಅವನು ತಡವರಿಸಿದಲ್ಲೆಲ್ಲ ಅವಳೇ ಎತ್ತಿಕೊಡುತ್ತಿದ್ದಳು.

ಅಷ್ಟರಲ್ಲಿ ಮನೆಯ ಒಡತಿ ಮಡಿಸೀರೆ ಉಟ್ಟು, ಒಂದೊಂದೇ ಕೋಣೆಯ ಹೊಸ್ತಿಲು ಪೂಜಿಸುತ್ತ ಅಲ್ಲಿಗೆ ಬಂದರು. ತಮ್ಮ ಅಡುಗೆಮನೆಗೆ ಸ್ವಂತ ಅಳಿಯನನ್ನೂ ಬಿಟ್ಟುಕೊಳ್ಳದವರು ಅವರು.

“ಏನ ಮಾಟಾ ಇದು? ಕಲ್ಲ ತಗೀರಿ, ಇಲ್ಲಾ ಇವತ್ತ ಖೋಲಿ ಬಿಡ್ರಿ!”

ಗಂಡ ಹೆಂಡತಿಯ ಮುಖ ನೋಡಿದ. ಹಿರಿಯರನ್ನು ಕರೆದ ಮೇಲೆ ಕಲ್ಲು ಕದಲಿಸುವಂತಿಲ್ಲ. ಖೋಲಿ ಬಿಟ್ಟರೆ ಹೋಗಲು ಬೇರೆ ಸೂರಿಲ್ಲ. ಒಡತಿ ತಾವೇ ತೆಗೆಯಲು ಕಾಲು ಎತ್ತಿ ಒಳಗಿಡುವುದರಲ್ಲಿದ್ದರು.

“ಮುಟ್ಟಬ್ಯಾಡ್ರೀ ಅವ್ವಾರ! ಮೈಲಿಗಿ ಆಗತೈತಿ!” ಎಂದಳು ಹೆಂಡತಿ. ಆ ಮಾತನ್ನು ಅವಳು ಒಡತಿಯಿಂದಲೇ ಕಲಿತದ್ದು.

ನನ್ನ ಬಾಯಿಯ ನೊರೆ ಗಂಟಲಿಗಿಳಿಯಿತು. ಹಾಲು ಹಾಕಲು ಬಂದಿದ್ದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನಗಲಿಲ್ಲ.

“ಯಾರಿಂದ ಮೈಲಿಗಿ? ನಾ ಮಡೀಲೆ ಅದೇನಿ!”

“ನೀವು ನಮ್ಮ ಕುಲದವ್ರಲ್ರಿ. ಲಗ್ನಾದ ಮ್ಯಾಲ ನಮ್ಮ ಮಗಳೂ ಮುಟ್ಟಂಗಿಲ್ಲ.”

ಒಡತಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು.

“ಹಡದ ಮಗಳೂ?”

“ಹೌದ್ರಿ.”

“ಅಯ್ಯ, ನಮಗಿಂತಾ ಬಿಗಿ ಅದೀರಲ್ಲ!” ಆ ದನಿಯಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

“ಬರೋಬ್ಬರಿ ಜೋಡಿ ಸಿಕ್ಕಳ ನೋಡವಾ ನಿನಗ!” ಎಂದಳು ಅಜ್ಜಿ.

ಒಡತಿ ಹೊರಗೇ ಕುಳಿತು, ಒಳಗೆ ಬೆರಳೂ ತಾಗದಂತೆ ಹೊಸ್ತಿಲಿಗೆ ಅರಿಸಿನ ಹಚ್ಚಿ ಎದ್ದರು. “ಕಲ್ಲ ಇರಲಿ. ಉಸುಕ ನನ್ನ ಅಂಗಳಕ್ಕ ಬಂತಂದ್ರ ನಿಮ್ಮ ಹಿರ್ಯಾರನ್ನೂ ಬಿಡಂಗಿಲ್ಲ.”

ಇದನ್ನು ನನ್ನ ಜೊತೆ ಕಂಡವರು ಹಾಲಿನ ಅಜ್ಜಿ ಮತ್ತು ಮೋಮೊ ಮಾರುವ ಇಬ್ಬರು. ಮೂವರೂ ಇದ್ದಾರೆ. ಒಡತಿಯೂ ಗಟ್ಟಿಮುಟ್ಟಾಗಿದ್ದಾರೆ, ಅವರನ್ನು ಮಾತ್ರ ಕೇಳಬೇಡಿ.